ಗೇಣುದ್ದದ ಅಲೆ

ಸೀಬ್ರನ್,

ತಂತಿ ಕತ್ತರಿಸುವ ಮೊದಲು ಇದನ್ನು ಓದು. ನಿನ್ನ ಲೆಕ್ಕದಲ್ಲಿ ಅಲೆಯ ಉದ್ದ ಇನ್ನೂರ ಹನ್ನೊಂದು ಮೀಟರ್ ಬಂದಿದೆ. ಅದರ ಕಾಲು ಭಾಗದ ಆಂಟೆನಾ ಹಾಕಿದರೂ ಹಿತ್ತಲಾಚೆಯ ಕಾಲುವೆ ದಾಟಿ ಹೋಗುತ್ತದೆ ಮಾರಾಯ. ನಿನ್ನ ರೇಡಿಯೋ ಹಿಡಿಯಬೇಕಾದ್ದು 1420 ಕಿಲೋಹರ್ಟ್ಸ್ ಅಲ್ಲ, ಮೆಗಾಹರ್ಟ್ಸ್. ಮುನ್ನೂರನ್ನು ಅದರಿಂದ ಭಾಗಿಸು: 0.21 ಮೀಟರ್, ಅಂದರೆ ಇಪ್ಪತ್ತೊಂದು ಸೆಂಟಿಮೀಟರ್. ತಂತಿ ಅದರ ಕಾಲು ಭಾಗ, 5.3 ಸೆಂಟಿಮೀಟರ್ ಸಾಕು.

ಬಟಾಣಿ ಸೂಪು ಒಲೆ ಮೇಲಿದೆ. ಬೆಸುಗೆ ಕೆಲಸ ಊಟದ ಮೇಜಿನ ಮೇಲೆ ಬೇಡ.

ಬೆಳಗ್ಗೆ ಅಳತೆಪಟ್ಟಿಯ ಮೇಲೆ ಕೈಯಿಟ್ಟು ನೋಡಿದೆ. ಸರಿಯಾಗಿ ನನ್ನ ಒಂದು ಗೇಣು. ನಕ್ಷತ್ರಗಳ ನಡುವಿನ ಹೈಡ್ರೋಜನ್ ಕಳಿಸಿದ ಅಲೆ, ಸಾವಿರಾರು ವರ್ಷ ದಾರಿ ಸವೆಸಿ, ಗೇಣುದ್ದದ್ದೇ ಆಗಿ ನಮ್ಮ ಹಿತ್ತಲಿಗೆ ಬರುತ್ತಿದೆ. ಆಮೇಲೆ ಬ್ರೆಡ್ ಕೊಯ್ಯಲು ಕೈಯೇ ಓಡಲಿಲ್ಲ.

ರೇಡಿಯೋ ಒಬ್ಬನೇ ಆನ್ ಮಾಡಬೇಡ. ಅಷ್ಟು ದೂರ ಬಂದದ್ದು, ನಾನು ಐದಕ್ಕೆ ಬರುವವರೆಗೆ ಬಾಗಿಲಲ್ಲಿ ನಿಂತಿರಲಿ.

ನಿನ್ನ ಅಕ್ಕ ಹಿಸ್ಕೆ