ಬೇಡ ಎಂದರೂ ಮುಚ್ಚಿದ ನೀರ್ಬಾಗಿಲು

2291ನೇ ಇಸವಿ, ಫೆಬ್ರವರಿ 30. ಅಂಥ ದಿನ ನಿಮ್ಮಲ್ಲಿಲ್ಲ, ನಮ್ಮಲ್ಲಿದೆ.

ವಿಭವ,

ನನ್ನ ಕನ್ನಡ ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ಇದೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ನಾನು ನಿನ್ನ ಕ್ಷಮೆ ಕೇಳುವುದಿಲ್ಲ, ನಿನ್ನನ್ನು ಕ್ಷಮಿಸುವುದೂ ಇಲ್ಲ.

ನಾನು ಗುಲಾಬಿ ಹರಿಕಂತ್ರ. ಕಡಲು ಏರಿ ಬಂದ ಮೇಲೆ ನಮ್ಮೂರು ಗೋಡೆಯೊಳಗೆ ಬದುಕುತ್ತಿದೆ. ಆ ಗೋಡೆಗೆ ಇರುವುದು ಒಂದೇ ನೀರ್ಬಾಗಿಲು. ದೋಣಿಗಳು ಅದರಲ್ಲೇ ಹೋಗಿ ಬರಬೇಕು. ಉಬ್ಬರ ಏರಿದಾಗ ಪರದೆಯ ಮೇಲೆ "ಬಾಗಿಲು ಮುಚ್ಚಬೇಕೇ?" ಎಂಬ ಪ್ರಶ್ನೆ ಮೂಡುತ್ತದೆ. ಕಾವಲಿನವರು ಕೀಲಿಮಣೆಯಲ್ಲಿ ಉತ್ತರ ಒತ್ತುತ್ತಾರೆ. ಹನ್ನೊಂದು ವರ್ಷ ಆ ಕಾವಲು ನನ್ನದಾಗಿತ್ತು. ಪ್ರತಿ ಸಲವೂ "ಬೇಕು" ಎಂದೇ ಒತ್ತಿದ್ದೆ. ನನಗಿಂತ ಮೊದಲಿದ್ದವರೂ ಅಷ್ಟೇ.

ಹೋದ ವರ್ಷ ಒಂದು ಮಧ್ಯಾಹ್ನ ಉಬ್ಬರ ಹೊತ್ತಿಗೆ ಮುಂಚೆಯೇ ಏರಿತು. ನನ್ನ ತಮ್ಮ ಜಟ್ಟಿಯ ದೋಣಿ ಇನ್ನೂ ಹೊರಗಿತ್ತು, ಅವನ ಮುಖ ಕಾಣುವಷ್ಟು ಹತ್ತಿರದಲ್ಲಿ. ನಾನು "ಬೇಡ" ಎಂದು ಒತ್ತಿದೆ. ಬಾಗಿಲು ಮುಚ್ಚಿಕೊಂಡಿತು. ಒಮ್ಮೆ ಮುಚ್ಚಿದರೆ ಇಳಿತದ ತನಕ ಅದು ತೆರೆಯುವುದಿಲ್ಲ.

ವೈರ್‌ಲೆಸ್ಸಿನಲ್ಲಿ ಅವನು ಕೂಗಿದ: "ಅಕ್ಕಾ, ಯಾಕೆ ಮುಚ್ಚಿದ್ಯೇ?"

"ನಾ ಮುಚ್ಚಲಿಲ್ವೋ, ಬೇಡ ಅಂತ್ಲೇ ಒತ್ತಿದ್ದೆ!"

ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ದೋಣಿ ಗೋಡೆಗೆ ಬಡಿದು ಒಡೆಯಿತು.

ಊರು ನನ್ನನ್ನು ನಂಬಲಿಲ್ಲ. ಜಟ್ಟಿಯ ಹೆಂಡತಿ ಸುಶೀಲೆ ನಮ್ಮ ಅಂಗಳಕ್ಕೆ ಬಂದು, "ಕೈತಪ್ಪಿ ಒತ್ತಿದೆ ಅಂತ ಒಪ್ಕೊಳ್ಳಿ ಅತ್ತಿಗೆ, ಸಾಕು" ಎಂದಳು. ನಾನು ಒಪ್ಪಲಿಲ್ಲ. ಕಾವಲಿನಿಂದ ನನ್ನನ್ನು ತೆಗೆದುಹಾಕಿದರು. ಎಂಟು ತಿಂಗಳು ಕೂತು ನಿಮ್ಮ ಕಾಲದ ಪ್ರೋಗ್ರಾಂ ಭಾಷೆ ಕಲಿತೆ. ಬಾಗಿಲನ್ನು ನಡೆಸುವ ಪ್ರೋಗ್ರಾಂ ಅನ್ನು ಸಾಲುಸಾಲಾಗಿ ಓದಿದೆ.

ಅಲ್ಲಿ ನೀನು ಸಿಕ್ಕಿದೆ. ಕಲಿಯುವಾಗ ನೀನು ಬರೆದ ಪುಟ್ಟ ತುಣುಕನ್ನು ಯಾರೋ ಹಾಗೇ ಎತ್ತಿ ಬಳಸಿದ್ದಾರೆ, ಮುಂದಿನವರು ಅದರ ಮೇಲೇ ಕಟ್ಟುತ್ತ ಬಂದಿದ್ದಾರೆ. ಒತ್ತಿದ ಪದದ ಮೊದಲ ಅಕ್ಷರವನ್ನು ಮಾತ್ರ ಅದು ಓದುತ್ತದೆ. "ಬೇಕು" ಎಂದರೂ ಬೇ, "ಬೇಡ" ಎಂದರೂ ಬೇ; ಎರಡಕ್ಕೂ ಬಾಗಿಲು ಮುಚ್ಚುತ್ತದೆ. ಪಕ್ಕದಲ್ಲಿ ಹೆಸರು ಹಾಕಿ ಬರೆದಿದ್ದೀಯ: "ಸದ್ಯಕ್ಕೆ ಮೊದಲ ಅಕ್ಷರ ಸಾಕು. ಪೂರ್ತಿ ಪದ ಆಮೇಲೆ ನೋಡೋಣ." ಅಂದರೆ ನಿನಗೆ ಗೊತ್ತಿತ್ತು.

ನಿನ್ನೆ, ದೋಣಿಗಳೆಲ್ಲ ಒಳಗಿದ್ದಾಗ, ಊರವರ ಎದುರು ಸುಶೀಲೆಯ ಕೈಯಿಂದಲೇ "ಬೇಡ" ಎಂದು ಒತ್ತಿಸಿದೆ. ಬಾಗಿಲು ಮುಚ್ಚಿತು. ಅವಳು ಕೀಲಿಮಣೆಯಿಂದ ಕೈ ತೆಗೆಯದೆ ನಿಂತುಬಿಟ್ಟಳು. ಹಾಗೆ ನಿಂತೇ ಹೇಳಿದಳು: "ನೀವೇ ಮುಚ್ಚಿದ್ರಿ ಅಂದ್ಕೊಂಡೇ ಹೋದ್ರಲ್ಲ ಅವ್ರು, ಅತ್ತಿಗೆ."

ನಿಮ್ಮ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ಮುಟ್ಟುವಾಗ ನೀನಿನ್ನೂ ಬದುಕಿದ್ದರೆ, ಕೂತಲ್ಲಿಂದ ಏಳುವ ಮೊದಲು, ಮೊದಲ ಅಕ್ಷರ ಮಾತ್ರ ಓದುವ ಆ ಸಾಲನ್ನು ಅಳಿಸು.

ಗುಲಾಬಿ