ಸೊಪ್ಪಿನ ವಾರದ ಹಾಜರಿ

ಜುಲೈ 3, ಗುರುವಾರ. ಸಂಜೆ
ಮೂರನೇ ರಿಹರ್ಸಲ್. ಕೈಲಾಂಚದ ಕಡೆಯ ಊರು. ಅರಳಿಕಟ್ಟೆಯೇ ರಂಗಸ್ಥಳ. ರಮ್ಯಾಗೆ ಹೇಳಿದೆ — ಮಾತು ಎದೆಯಿಂದ ಎತ್ತು ಮಗಾ, ಗಂಟಲಿಂದಲ್ಲ!

ರಮ್ಯಾ ಎಂಟನೇ ಕ್ಲಾಸು, ಮನೇಲಿ ರೇಷ್ಮೆ ಸಾಕಣೆ. ರೇಷ್ಮೆಹುಳ ಗೂಡು ಕಟ್ಟೋ ಮುಂಚಿನ ವಾರ ಹೊಟ್ಟೆಬಾಕತನ ಅವಕ್ಕೆ. ಅಪ್ಪ ದೇವರಾಜ ಸ್ಕೂಲು ಬಿಡಿಸಿ ಹಿಪ್ಪುನೇರಳೆ ಸೊಪ್ಪು ಕುಯ್ಯಕ್ಕೆ ಹಾಕ್ತಾನೆ. ಹೋದ ವರ್ಷ ಐದು ಬೆಳೆ, ಐದು ವಾರ ಸ್ಕೂಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ದಿನಾ ಹಾಜರಿ. ಮ್ಯಾತ್ಸ್ ಫೇಲು. ಇನ್ನೊಂದ್ಸಲ ಫೇಲಾದ್ರೆ ಮನೇಲೇ ಇರು ಅಂದವ್ನೆ ಅಪ್ಪ.

ಮಕ್ಕಳ ಹಕ್ಕು ಎಷ್ಟು ಕಾಪಾಡಿದ್ದೀವಿ ಅಂತ ದೇಶ ಐದು ವರ್ಷಕ್ಕೊಂದ್ಸಲ ವಿಶ್ವಸಂಸ್ಥೆಗೆ ವರದಿ ಒಪ್ಪಿಸಬೇಕಂತೆ. ಸರ್ಕಾರದ್ದು ಒಂದು. ಪಕ್ಕದಲ್ಲಿ ಸಂಸ್ಥೆಗಳದ್ದು ಇನ್ನೊಂದು — ಅದರಲ್ಲಿ ಮಕ್ಕಳ ಸ್ವಂತ ಮಾತು. ಅಂಥ ಒಂದು ಸಂಸ್ಥೆಯ ರಾಮನಗರ ಆಫೀಸಿನ ತಸ್ಲೀಮಾ ಮೇಡಂ ಅದನ್ನು ತರೋ ಕೆಲಸ ವಹಿಸಿದ್ದು ಯಾರಿಗೆ? ಮೂವತ್ತು ವರ್ಷ ದುರ್ಯೋಧನನ ಪಾರ್ಟು ಮಾಡಿದ ಈ ನಾಟಕದ ಮೇಷ್ಟ್ರ ಗಂಟಲಿಗೆ!

ಕೊನೇ ಸಾಲು — "ಓ ಜಗತ್ತೇ, ಕೇಳಿಸದೇ ನಿನಗೆ ಈ ಕಂದನ ಕೂಗು?" ಕೈ ಎತ್ತಿ ಹೇಳಿದಳು. ನನಗೇ ಕಣ್ಣೀರು. ಮೇಡಂಗೆ ವಿಡಿಯೋ ಕಳಿಸಿದೆ. ಭಲೇ!

ಜುಲೈ 9, ಬುಧವಾರ
ತಸ್ಲೀಮಾ ಮೇಡಂ ಫೋನು. "ಸರ್, ಇದು ಮಗು ಮಾತಲ್ಲ, ನಿಮ್ಮ ಡೈಲಾಗು. ಹೇಳ್ಕೊಟ್ಟಿದ್ದು ಅಂತ ಗೊತ್ತಾದ್ರೆ ಇಡೀ ವರದೀನೇ ನಂಬಲ್ಲ ವಿಶ್ವಸಂಸ್ಥೆಯೋರು. ತೆಗೆದಿದೀನಿ. ಹದಿನೈದರೊಳಗೆ ಬೇರೆ ಕೊಡಿ. ನೀವು ಮಾತ್ರ ಬಾಯಿ ಬಿಡಬೇಡಿ."

ಬಾಯಿ ಬಿಡಬಾರದಂತೆ. ನಾನು!

ನಡುಮನೆಯಲ್ಲಿ ಅತ್ತಿಂದಿತ್ತ... ನಿಜ ಇತ್ತು ಆ ಮಗು ಹತ್ರ. ಅದಕ್ಕೆ ಬಣ್ಣ ಬಳಿದು ನಾನೇ ಸುಳ್ಳು ಮಾಡಿದೆ.

ಜುಲೈ 14, ಸೋಮವಾರ. ಮಧ್ಯಾಹ್ನ
ಇಷ್ಟು ದಿನ ಮುಖ ತೋರಿಸೋ ಧೈರ್ಯ ಇರಲಿಲ್ಲ. ಇವತ್ತು ಹೋದೆ. ಮತ್ತೆ ಸೊಪ್ಪಿನ ವಾರ, ಸ್ಕೂಲಿಗೆ ಹೋಗಿಲ್ಲ ಅವಳು. ಹುಳದ ಮನೇಲಿ ಸೊಪ್ಪು ಹಾಕ್ತಿದ್ದಳು.

"ಕೈ ಎತ್ಲಾ ಮೇಷ್ಟ್ರೆ?" ಅಂದ್ಳು. ನಗಲಿಲ್ಲ.

"ಬ್ಯಾಡ ಕಣವ್ವ. ನೀನೇ ಬರಿ. ಅಲ್ಲೀಗಂಟ ಸೊಪ್ಪು ನಾನು ಹಾಕ್ತೀನಿ."

ಅರ್ಧ ಹಾಳೆ ಬರೆದಳು. "ಸೊಪ್ಪಿನ ವಾರ ಮುಗಿಸಿ ಸ್ಕೂಲಿಗೆ ಹೋದರೆ ಬೋರ್ಡಿನ ಮೇಲೆ ಬೇರೆ ಲೆಕ್ಕ ಇರುತ್ತದೆ. ಹಿಂದಿನದು ಯಾರೂ ಹೇಳಿಕೊಡುವುದಿಲ್ಲ. ಯಾಕಂದರೆ ರಿಜಿಸ್ಟರಿನಲ್ಲಿ ನಾನು ಬಂದಿದ್ದೆ."

ಮೂವತ್ತು ವರ್ಷದಲ್ಲಿ ಇಂಥ ಸಾಲು ನನ್ನ ಬಾಯಿಗೆ ಬಂದಿಲ್ಲ.

"ಅವ್ರು ಇದನ್ನ ಓದಿ ಏನ್ ಮಾಡ್ತಾರೆ?" ಅಂದ್ಳು.

"ಸರ್ಕಾರಕ್ಕೆ ಪ್ರಶ್ನೆ ಕೇಳ್ತಾರೆ. ದೇಶ ಏನ್ ಸರಿಮಾಡ್ತು ಅಂತ ಮುಂದಿನ ವರದೀಲಿ ಹೇಳ್ಬೇಕು."

"ಯಾವಾಗ?"

"ಐದು ವರ್ಷ..."

"ಅಷ್ಟೊತ್ಗೆ ನಂಗೆ ಹದಿನೆಂಟು. ಮಕ್ಕಳ ಲೆಕ್ಕದಾಗೇ ಇರಾಕಿಲ್ಲ. ಮೇಷ್ಟ್ರೆ, ಈ ಶುಕ್ರವಾರ ಮ್ಯಾತ್ಸ್ ಟೆಸ್ಟ್ ಐತೆ."

ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ.

ಜುಲೈ 15, ಮಂಗಳವಾರ
ಹಾಳೆಯ ಫೋಟೋ ಕಳಿಸಿದೆ. ಒಂದು "ಅಯ್ಯೋ" ಕೂಡ ಸೇರಿಸಲಿಲ್ಲ — ಕೈ ತುರಿಸಿತು, ಆದ್ರೂ. ಮೇಡಂ ಅಂದ್ರು, "ಇದು ವರದೀಲಿ ಹೋಗುತ್ತೆ ಸರ್." ಸಮಾಧಾನ ಆಗಲಿಲ್ಲ. ಶುಕ್ರವಾರ, ಶುಕ್ರವಾರ ಅಂತಿತ್ತು ಮನಸ್ಸು.

ಸಂಜೆ ಮತ್ತೆ ಹೋದೆ. ನಿಮ್ಮಪ್ಪನಿಗೆ ಓದ್ಲಾ ಅಂತ ರಮ್ಯಾನ್ನ ಕೇಳಿದೆ. "ಓದಿ. ಕೂಗ್ಬ್ಯಾಡಿ."

ಮೆಲ್ಲಗೆ ಓದಿದೆ. ದೇವರಾಜ ಸೊಪ್ಪು ತುಂಬಿದ ಮಂಕರಿ ಕೆಳಗಿಟ್ಟ.

"ಹುಳ ಉಪಾಸ ಕೆಡವ್ಲಾ ಮೇಷ್ಟ್ರೆ? ನಾನೂ ನಮ್ಮೋಳೂ ಸೇರುದ್ರೆ ನಾಕೇ ಕೈ. ಶುಕ್ರವಾರದಗಂಟ ಇವಳ ಬದ್ಲು ನೀವ್ ಬತ್ತೀರಾ? ಗದೆ ತಿರುಗ್ಸೋದಲ್ಲ, ಕುಡ್ಲು ಹಿಡ್ದು ಸೊಪ್ಪು ಕುಯ್ಯೋದು!"

"ಬತ್ತೀನಿ ಕಣ್ಲಾ!"

ಕೂಗಿಬಿಟ್ಟೆ. ಕೊಟ್ಟಿಗೇಲಿ ಹಸು ಬೆದರಿತು. ರಮ್ಯಾ ನಕ್ಕಳು — ಮೊದಲನೇ ಸಲ.

ಜುಲೈ 16, ಬುಧವಾರ. ಬೆಳಗ್ಗೆ 8.50
ಬದು ಮೇಲೆ ಕೂತು ಬರೀತಿದೀನಿ. ಎರಡು ಹೊರೆ ಸೊಪ್ಪು ಕುಯ್ದೆ. ಅಂಗೈ ತುಂಬ ಬೊಬ್ಬೆ, ಪೆನ್ನು ನಿಲ್ತಿಲ್ಲ. ರಮ್ಯಾ ಯೂನಿಫಾರ್ಮು ಹಾಕ್ಕೊಂಡು ಹೋದ್ಲು. ಈ ಕಡೆ ನೋಡಲೂ ಇಲ್ಲ. ಬಾಯಲ್ಲಿ ಏನೋ ಸೂತ್ರ ಒಪ್ಪಿಸ್ಕೊಂಡು ಹೋಗ್ತಿದ್ಲು. ಇವತ್ತಾದ್ರೂ ರಿಜಿಸ್ಟರು ನಿಜ ಹೇಳುತ್ತೆ. ಮುಂದಿನ ಬೆಳೆಗೆ ಏನೋ, ಗೊತ್ತಿಲ್ಲ.

ದೇವರಾಜ ಕೂಗ್ತಾವ್ನೆ — "ಮೇಷ್ಟ್ರೆ, ಡೈಲಾಗ್ ಬರ್ದಿದ್ದು ಸಾಕು, ಹುಳ ಕಾಯ್ತಾ ಅವೆ!"

ಇನ್ನೂ ಮೂರು ಸಾಲು ಗಿಡ. ಉಳಿದದ್ದು ಆಮೇಲೆ ಬರೀತೀನಿ.