ನಿನ್ನ ಹೆಸರಿನ ಕಂತು

ಗೋಕಾಕ
18 ಫೆಬ್ರುವರಿ 2025, ಮಂಗಳವಾರ

ನನ್ನ ಮುದ್ದು ತಂಗಿ ಸಪ್ನಾಗೆ,

ಎಲ್ಲರೂ ಕಾಗದದ ಮೊದಲ ಸಾಲಿನಲ್ಲಿ ತಾವು ಚೆನ್ನಾಗಿರುವುದಾಗಿ ಬರೆಯುತ್ತಾರೆ. ನಾನು ಈಗಷ್ಟೇ ಹೊಟ್ಟೆ ತುಂಬ ಉಂಡು ಕುಳಿತಿದ್ದೇನೆ ಎಂದಷ್ಟೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ಬರೆದರೆ ನೀನು ನಂಬುವುದಿಲ್ಲ. ನಿನಗೆ ಎಷ್ಟು ಸಲ ಫೋನ್ ಮಾಡಿದೆನೋ. ಮೊದಮೊದಲು ರಿಂಗ್ ಆಗುತ್ತಿತ್ತು, ಆಮೇಲೆ ಸ್ವಿಚ್ ಆಫ್, ಆಮೇಲೆ ಆ ನಂಬರೇ ಇಲ್ಲವೆಂದು ಹೆಂಗಸೊಬ್ಬಳು ಹೇಳತೊಡಗಿದಳು. ಆ ದನಿಗೆ ನಾನು ಬಯ್ದದ್ದನ್ನು ಕೇಳಿದ್ದರೆ ನೀನು ನಗುತ್ತಿದ್ದೆ. ಅದಕ್ಕೇ ಈ ಕಾಗದ. ಮೂಡಲಗಿ ಬಸ್ಸಿನ ಕಂಡಕ್ಟರ್ ಅಪ್ಪಣ್ಣ ನಿಮ್ಮ ಮಸಗುಪ್ಪಿಯವನೇ ಅಲ್ಲವೇ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅಣ್ಣ ಸತ್ಯಪ್ಪನಿಗೆ ಕೊಡಬೇಡ, ಸಪ್ನಾಳ ಕೈಗೇ ಕೊಡು ಎಂದು ಒತ್ತಿ ಹೇಳಿದ್ದೇನೆ.

ಮೊದಲು ಒಂದು ಮಾತು. ಇದು ರೊಕ್ಕ ಕೇಳುವುದಕ್ಕೆ ಬರೆದ ಕಾಗದ ಅಲ್ಲ. ತಿಂಗಳಿಗೊಂದು ಕಂತು ಹಾಕಿ ಪಾಳಿಯಂತೆ ಗಂಟು ಎತ್ತುವ ನಮ್ಮ ಭಿಶಿ ಮೊನ್ನೆ ಭಾನುವಾರ ಮುಗಿಯಿತು. ಕೊನೆಯ ಗಂಟನ್ನು ಮುದಕವ್ವ ತೆಗೆದುಕೊಂಡಳು. ಹದಿನೈದು ಹೆಂಗಸರಲ್ಲಿ ಯಾರ ರೊಕ್ಕವೂ ಮುಳುಗಲಿಲ್ಲ. ನಿನ್ನ ಬಾಕಿ ಒಂದು ರೂಪಾಯಿಯೂ ಇಲ್ಲ. ಓಣಿಯಲ್ಲಿ ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಅದು ಹೇಗೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಉಳಿದದ್ದನ್ನು ಓದುವುದಿಲ್ಲ.

ಹೋದ ವರ್ಷ ಜನವರಿಯ ಆ ಸಂಜೆ ನಿನಗೆ ಅರ್ಧ ಮಾತ್ರ ಗೊತ್ತು, ಯಾಕೆಂದರೆ ನೀನು ಗಂಡನ ಜೊತೆ ಬೆಳಗಾವಿ ಆಸ್ಪತ್ರೆಯಲ್ಲಿದ್ದೆ. ಮೊದಲ ಗಂಟು ಭಿಶಿ ನಡೆಸುವವಳದು ಎಂಬ ಪದ್ಧತಿಯಂತೆ ಅದಕ್ಕೆ ಹಿಂದಿನ ತಿಂಗಳು ನನಗೆ ಸಂದಿತ್ತು. ನಮ್ಮ ಮನೆಯವರು ತೀರಿಕೊಂಡಾಗಿನ ಆಸ್ಪತ್ರೆ ಸಾಲದಲ್ಲಿ ಉಳಿದದ್ದನ್ನು ಅದರಿಂದ ತೀರಿಸಿ, ಇನ್ನು ಮೇಲೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ ಎಂದು ಹಿಗ್ಗಿದ್ದೆ. ಎರಡನೆಯ ತಿಂಗಳು ಡಬ್ಬಿಯಿಂದ ಚೀಟಿ ಎತ್ತಿದಾಗ ರಾಮವ್ವನ ಹೆಸರು ಬಂತು. ಆಗಲೇ ನಿನ್ನ ಫೋನ್. ವಿಶಾಲನ ಲಿವರ್ ಪೂರ್ತಿ ಕೆಟ್ಟಿದೆ, ಇವತ್ತೇ ರೊಕ್ಕ ಕಟ್ಟಬೇಕು ಎಂದು ಅಳುತ್ತಿದ್ದೆ. ರಾಮವ್ವ ಮಗಳ ಹಾಸ್ಟೆಲ್ ಫೀಗಾಗಿ ಆ ಗಂಟಿಗೆ ಕಾದು ಕುಳಿತವಳು. ಆದರೂ ನನ್ನ ಮುಖ ನೋಡಿ, “ಅಕ್ಕಾರ, ನೀವು ಜವಾಬ್ದಾರಿ ತಗೋತೀರೇನ? ಹಂಗಾರ ನನ್ನ ಪಾಳಿ ಆಕಿಗಿ ಕೊಡ್ರಿ,” ಅಂದಳು. ನಾನು ಹೂಂ ಅಂದೆ. ಆ ರೊಕ್ಕವೂ ಹೋಯಿತು, ವಿಶಾಲನೂ ಉಳಿಯಲಿಲ್ಲ.

ಫೆಬ್ರುವರಿಯಲ್ಲಿ ನೀನು ಊದಿದ ಕಣ್ಣಲ್ಲಿ ಬಂದು ಆ ತಿಂಗಳ ಕಂತು ಕೊಟ್ಟೆ. ಮಾರ್ಚಿನಲ್ಲಿ ಒಂದು ದಿನ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ನಿನ್ನ ಮನೆಗೆ ಬೀಗ. ಗೋಡೆಗೆ ಗೋಡೆ ಹತ್ತಿದ ಮನೆ, ನೀನು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತಿತ್ತು. ಒಂದು ಮಾತು ಹೇಳಿ ಹೋಗಬಾರದಿತ್ತೇ? ಆ ಸಿಟ್ಟು ನನಗೆ ಇನ್ನೂ ಇದೆ. ಸತ್ಯ ಹೇಳಬೇಕೆಂದರೆ ರೊಕ್ಕಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಭಿಶಿ ನಡೆಸುವವಳೆಂದರೆ ಇಷ್ಟೇ: ಯಾರಾದರೂ ಕೊಡದಿದ್ದರೆ ತಾನು ತುಂಬಬೇಕು. ಹಾಗಾಗಿ ಆವತ್ತಿನಿಂದ ತಿಂಗಳಿಗೆ ಎರಡು ಕಂತು ನನ್ನ ಪಾಲಿಗೆ ಬಂದವು. ನನ್ನದು ಎರಡೂವರೆ ಸಾವಿರ, ನಿನ್ನದು ಎರಡೂವರೆ ಸಾವಿರ. ಕರದಂಟಿನ ಅಂಗಡಿಯಲ್ಲಿ ಡಬ್ಬಿ ತುಂಬುವ ನನಗೆ ಬರುವ ಪಗಾರ ನಿನಗೆ ಗೊತ್ತೇ ಇದೆ, ಒಂಬತ್ತು ಸಾವಿರ. ಮನೆ ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಉಳಿಯುತ್ತಿದ್ದದ್ದನ್ನು ನೋಡಿದರೆ ನಗು ಬರುತ್ತಿತ್ತು.

ಒಬ್ಬಳೇ ಇರುವವಳಿಗೆ ಏನು ಖರ್ಚು ಎಂದು ಜನ ಕೇಳುತ್ತಾರೆ. ಒಬ್ಬಳೇ ಇದ್ದರೂ ಬಾಡಿಗೆ ಅರ್ಧ ಆಗುವುದಿಲ್ಲ, ಒಲೆಗೆ ಒಬ್ಬರಿಗೆ ಮಾಡುತ್ತಿದ್ದಾರೋ ನಾಲ್ವರಿಗೋ ಗೊತ್ತಾಗುವುದಿಲ್ಲ. ಮೊದಲು ಹಾಲು ನಿಲ್ಲಿಸಿದೆ. ಆಮೇಲೆ ಟಿವಿ. ಧಾರಾವಾಹಿಯ ಆ ಅತ್ತೆ ಸೊಸೆಯರು ಇವತ್ತಿಗೂ ಜಗಳಾಡುತ್ತಿದ್ದಾರೋ ರಾಜಿಯಾದರೋ ನನಗೆ ತಿಳಿಯದು. ಜೋಳದ ರೇಟು ನೋಡಿ ರೊಟ್ಟಿಯನ್ನೇ ಬಿಟ್ಟೆ. ರೇಷನ್ ಅಕ್ಕಿ ಪುಕ್ಕಟೆ ಬರುತ್ತದಲ್ಲ, ಮುಂಜಾನೆ ಒಮ್ಮೆ ಅನ್ನ ಮಾಡಿಟ್ಟರೆ ಮೂರು ಹೊತ್ತೂ ಅದೇ. ಹುಟ್ಟಿದಾಗಿನಿಂದ ರೊಟ್ಟಿ ತಿಂದ ಬಾಯಿ, ಎಷ್ಟು ಅನ್ನ ಉಂಡರೂ ಉಂಡೆ ಅನ್ನಿಸುತ್ತಿರಲಿಲ್ಲ. ಕರದಂಟನ್ನು ಕೊಯ್ದ ಮೇಲೆ ತಟ್ಟೆಯ ಅಂಚಿನಲ್ಲಿ ಉಳಿದ ಚೂರನ್ನು ಮಾಲೀಕರು ನಮಗೇ ಬಿಡುತ್ತಾರೆ. ಕೆಲವು ಸಂಜೆ ಅದೇ ಊಟ. ಬಾದಾಮಿ, ಗೋಡಂಬಿ ತಿಂದು ಮಲಗುತ್ತಿದ್ದೆ ಕಣೇ, ಸಾಹುಕಾರರ ಹೆಂಡತಿಯಂತೆ.

ನಗುವಂಥದ್ದೂ ಆಯಿತು. ಲಕ್ಕವ್ವನ ಬಸುರಿ ಸೊಸೆಗೆ ಕುಬಸ ಮಾಡಿದಾಗ ಆಯೇರಿ ಮಾಡಲು, ಉಡುಗೊರೆಗೆ ಹೊಸ ಖಣ ಎಲ್ಲಿಂದ ತರಲಿ? ಟ್ರಂಕಿನಲ್ಲಿ ಬೇರೆ ಬೇರೆ ಮನೆಯಿಂದ ಬಂದ ಖಣಗಳು ಇದ್ದವು, ಅದರಲ್ಲಿ ಒಂದನ್ನು ಮಡಿಸಿ ಕೊಟ್ಟೆ. ಲಕ್ಕವ್ವ ಅದನ್ನು ಬಿಚ್ಚಿ, ಅಂಚನ್ನು ಬೆರಳಿಂದ ಸವರಿ, “ಇದು ನಮ್ಮ ಗೃಹಪ್ರವೇಶದಾಗ ನಾನಾ ನಿಮಗ ಕೊಟ್ಟಿದ್ದಲ್ರಿ?” ಅಂದಳು. ಇಡೀ ಚಪ್ಪರ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆವತ್ತಿನಿಂದ ಓಣಿಯಲ್ಲಿ ನನಗೆ ಜಿಪುಣಿ ಎಂಬ ಹೆಸರು ಬಿತ್ತು. ಸಣ್ಣ ಹುಡುಗಿಯರೂ ಹಾಗೆ ಕರೆಯುತ್ತಾರೆ, ಅಮ್ಮಂದಿರು ಹೇಳಿಕೊಡದೆ ಅವಕ್ಕೆ ಹೇಗೆ ಗೊತ್ತಾಗುತ್ತದೆ?

ರಜೆಯ ದಿನ ಬಸ್ಸು ಹತ್ತಿ ಹುಕ್ಕೇರಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ನಿಡಸೋಸಿಗೆ ಹೋಗುತ್ತಿದ್ದೆ. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ. ತವರಿಗೆ ಹೊರಟಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ, ಆದರೆ ತವರುಮನೆಯ ಬಾಗಿಲು ತುಳಿಯುತ್ತಿರಲಿಲ್ಲ. ಬರಿಗೈಯಲ್ಲಿ ಹೋಗಿ ಅಣ್ಣನ ಹೆಂಡತಿಯ ಮುಂದೆ ಹೇಗೆ ನಿಲ್ಲಲಿ? ಮಠಕ್ಕೆ ಹೋಗಿ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಣ್ಣುತ್ತಿದ್ದೆ. ಒಂದು ದಿನ ಅಣ್ಣ ಮಹೇಶನೇ ಬಡಿಸುವ ಸೇವೆಗೆ ನಿಂತಿದ್ದ. ನನ್ನ ಎಲೆಯ ಮುಂದೆ ಬಂದು, “ಯಾವಾಗ ಬಂದಿ? ಮನಿಗಿ ಯಾಕ ಬರಲಿಲ್ಲ?” ಅಂದ. ಹರಕೆ ಇದೆ ಅಣ್ಣಾ, ಮನೆಗೆ ಹೋಗದೆ ಉಣ್ಣಬೇಕು ಎಂದೆ. ಅವನು ನಂಬಿದ. ಆಮೇಲೆ ಬಂಧುಬಳಗದಲ್ಲೆಲ್ಲ ನನ್ನ ಭಕ್ತಿಯ ವರ್ಣನೆ ನಡೆಯಿತಂತೆ. ಗೋಕಾಕದಲ್ಲಿ ಜಿಪುಣಿ, ನಿಡಸೋಸಿಯಲ್ಲಿ ಶರಣೆ. ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ನನಗೆ ಕಣ್ಣು ಎತ್ತಲು ಆಗಲಿಲ್ಲ.

ಜುಲೈಯಲ್ಲಿ ಘಟಪ್ರಭೆ ಏರಿ ಪೇಟೆಯೊಳಗೆ ನೀರು ನುಗ್ಗಿತು. ನಮ್ಮ ಅಂಗಡಿ ಎಷ್ಟೋ ದಿನ ಮುಚ್ಚಿತ್ತು, ಪಗಾರ ಅರ್ಧ ಬಂತು. ಆ ತಿಂಗಳ ಕಥೆಯನ್ನು ಇಲ್ಲಿ ಬರೆಯುವುದಿಲ್ಲ.

ಅದಾದ ಮೇಲೆ ನನಗೆ ತಡೆಯಲಾಗಲಿಲ್ಲ. ಇದನ್ನು ನಿನಗೆ ಎಂದೂ ಹೇಳಬಾರದು ಅಂದುಕೊಂಡಿದ್ದೆ. ನಾನು ಮಸಗುಪ್ಪಿಗೆ ಬಂದಿದ್ದೆ. ಬಸ್ಸಿನ ತುಂಬ ಅರಭಾವಿ ಕಾಲೇಜಿನ ಹುಡುಗರು, ಅವರ ನಡುವೆ ನಿಂತು ನಿನಗೆ ಏನೇನು ಬಯ್ಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ನಿನ್ನ ಅಣ್ಣನ ಕಬ್ಬಿನ ಹೊಲದ ದಾರಿ ಯಾರೋ ತೋರಿಸಿದರು. ಬದುವಿನ ಮೇಲೆ ನಿಂತು ನೋಡಿದರೆ ನೀನು ಕೂಲಿಯವರ ಸಾಲಿನಲ್ಲಿ ಬಗ್ಗಿ ಕಸ ತೆಗೆಯುತ್ತಿದ್ದೆ. ಸೀರೆಯ ಮೇಲೆ ವಿಶಾಲನ ನೀಲಿ ಚೌಕಳಿಯ ಅಂಗಿ. ಎಡ ತೋಳಿನ ಹರಿದ ಕಡೆ ಹೊಲಿದವಳು ನಾನೇ, ನನ್ನ ಹೊಲಿಗೆ ದೂರದಿಂದಲೂ ಗೊತ್ತಾಯಿತು. ನಿನ್ನ ಅತ್ತಿಗೆ ಅಲ್ಲಿಂದಲೇ ಕೂಗಿದಳು: “ಏ ಸಪ್ನಾ, ಉಣ್ಣಾಕ ಮೊದಲ ಬರ್ತಿ, ಸಾಲು ಹಿಡಿಯಾಕ ಹಿಂದ ಉಳಿತಿ.” ನೀನು ತಲೆ ಎತ್ತಲಿಲ್ಲ. ಜೋಡಿಸಿಕೊಂಡು ಬಂದ ಮಾತೆಲ್ಲ ಬದುವಿನ ಮೇಲೇ ಬಿಟ್ಟು ಇಳಿದೆ. ಮುಂದಿನ ಬಸ್ಸಿಗೇ ಹಿಂದಿರುಗಿದೆ. ಆವತ್ತು ನಿನ್ನನ್ನು ಕೂಗಿ ಕರೆಯಲಿಲ್ಲವಲ್ಲ ಎಂದು ಈಗಲೂ ನನ್ನನ್ನೇ ಬಯ್ದುಕೊಳ್ಳುತ್ತೇನೆ.

ಅದಕ್ಕೇ ಈಗ ಕರೆಯುತ್ತಿದ್ದೇನೆ. ನೀನಿದ್ದ ಮನೆಯನ್ನು ಮಾಲೀಕರು ಬೇರೆಯವರಿಗೆ ಕೊಟ್ಟಿದ್ದಾರೆ. ನನ್ನ ಮನೆಗೆ ಬಾ. ಅಂಗಡಿಯಲ್ಲಿ ಇನ್ನೊಬ್ಬಳು ಬೇಕಂತೆ, ಮಾಲೀಕರ ಹತ್ತಿರ ಮಾತಾಡಿದ್ದೇನೆ. ಬಾಡಿಗೆ ಇಬ್ಬರಿಗೂ ಅರ್ಧರ್ಧ ಆಗುತ್ತದೆ, ಒಂದೇ ಸಿಲಿಂಡರಿನಲ್ಲಿ ಇಬ್ಬರ ಅಡುಗೆ ಆಗುತ್ತದೆ. ಲೆಕ್ಕ ಹಾಕಿದರೆ ನನಗೇ ಲಾಭ. ಶಿವರಾತ್ರಿ ಬಂತು, ಉಪವಾಸ ನನಗಂತೂ ರೂಢಿಯಾಗಿಬಿಟ್ಟಿದೆ, ಆದರೆ ಮರುದಿನ ಒಬ್ಬಳೇ ಕುಳಿತು ಉಣ್ಣುವುದು ರೂಢಿಯಾಗಿಲ್ಲ. ಕಂತು ಮುಗಿದದ್ದೇ ತಡ, ಹತ್ತು ಸೇರು ಜೋಳ ತಂದಿದ್ದೇನೆ. ಬೀಸಿಸಿಲ್ಲ, ನೀನು ಬಂದ ಮೇಲೆ ಬೀಸಿಸುತ್ತೇನೆ.

ಬರುವುದಾದರೆ ಅಪ್ಪಣ್ಣನ ಹತ್ತಿರ ಒಂದು ಮಾತು ಹೇಳಿ ಕಳಿಸು, ಸಾಕು. ಬರುವುದಿಲ್ಲ ಎಂದಾದರೂ ಹೇಳಿ ಕಳಿಸು. ಹೋದ ಸಲದಂತೆ ಬರೀ ಬೀಗ ತೋರಿಸಬೇಡ.

ಗೋಡೆಯಾಚೆಯ ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಕೊನೆಗೆ ಹೇಳುತ್ತೇನೆ ಎಂದಿದ್ದೆನಲ್ಲ. ನೀನು ಹೋದ ಮಾರ್ಚಿನಲ್ಲಿ ಎಲ್ಲರೂ ಸೇರಿದಾಗ ರಾಮವ್ವ, “ಸಪ್ನಾನ ಕಂತು ಎಲ್ಲೈತ್ರಿ?” ಎಂದು ಕೇಳಿದಳು. ನಮ್ಮ ಮನೆಯವರ ದಿನಕರ್ಮದ ಊಟ ಮುಗಿಯುವ ಮೊದಲೇ ಸಾಲ ಕೊಟ್ಟವರು ನನ್ನ ಬಾಗಿಲಲ್ಲಿ ನಿಂತು ಕೂಗಾಡಿದ್ದು ನೆನಪಾಯಿತು. ಆ ಕೂಗು ನಿನ್ನ ಹೆಸರಿಗೆ ಬರುವುದು ನನಗೆ ಬೇಡವಾಗಿತ್ತು. “ಬಂದೈತಿ, ಅಪ್ಪಣ್ಣನ ಕೈಯಾಗ ಕಳಿಸ್ಯಾಳ,” ಎಂದುಬಿಟ್ಟೆ. ಒಮ್ಮೆ ಹೇಳಿದ ಮೇಲೆ ಪ್ರತಿ ತಿಂಗಳೂ ಹೇಳಬೇಕಾಯಿತು. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು, ಅಪ್ಪಣ್ಣನಿಗೂ ಹೇಳಿಟ್ಟಿದ್ದೇನೆ. ಹೊಳೆ ಬಂದ ತಿಂಗಳು ನನ್ನ ಹತ್ತಿರ ಒಂದೇ ಕಂತಿನ ರೊಕ್ಕ ಇತ್ತು. ಅದನ್ನು ನಿನ್ನ ಹೆಸರಿಗೆ ಇಟ್ಟೆ, ನನ್ನದು ಎರಡು ತಿಂಗಳು ತಡವಾಯಿತು. ಶಿವರಾತ್ರಿಯ ನಂತರ ರಾಮವ್ವ ಹೊಸ ಭಿಶಿ ಶುರುಮಾಡುತ್ತಿದ್ದಾಳೆ. ದೂರ ಇದ್ದರೂ ಒಂದು ತಿಂಗಳೂ ತಪ್ಪಿಸದವಳು ಎಂದು ಎಲ್ಲರೂ ಸೇರಿ ಮೊದಲು ನಿನ್ನ ಹೆಸರನ್ನೇ ಬರೆಸಿದರು. ನನ್ನ ಹೆಸರು ಬಂದಾಗ, ಅಕ್ಕಾರ ಕಂತು ತಡ ಮಾಡ್ತಾರ, ಈ ಸಲ ಬ್ಯಾಡ ಅಂದರು. ನಾನು ಚಹಾದ ಕಪ್ಪು ತೊಳೆಯುತ್ತಾ ಅಲ್ಲೇ ಇದ್ದೆ, ಏನೂ ಹೇಳಲಿಲ್ಲ. ನೀನೂ ಹೇಳಬೇಡ, ಸಪ್ನಾ. ಬಂದು ನನ್ನ ಬಾಜೂ ಕೂಡು, ಅಷ್ಟು ಸಾಕು.